ಸೊಟ್ಟ ಸರಳು

ಬಹಳ ಹಿಂದೆ, ಬೆಂಕಿಗೂ ಕಿವಿ ಇದ್ದ ಕಾಲದಲ್ಲಿ, ಅಂಗಾರಪುರ ಎಂಬ ಒಂದು ರಾಜ್ಯವಿತ್ತು. ಆ ಊರಿನವರಿಗೆ ಸುಟ್ಟು ತಿನ್ನುವುದೆಂದರೆ ಪ್ರಾಣ. ಮನೆಮನೆಯ ಮುಂದೆಯೂ ಒಂದು ಕೆಂಡದ ಗುಂಡಿ. ಜೋಳದ ತೆನೆ, ಬದನೆಕಾಯಿ, ಹೊಳೆಮೀನು, ಬೇಟೆಯ ಮಾಂಸ, ಏನೇ ಸಿಕ್ಕಲಿ, ಸರಳಿಗೆ ಚುಚ್ಚಿ ಕೆಂಡದ ಮೇಲೆ ಹಿಡಿಯುತ್ತಿದ್ದರು. ಮಡಕೆಯಲ್ಲಿ ಬೇಯಿಸಿದ್ದನ್ನು ಕಾಯಿಲೆಯವರ ಊಟವೆಂದು ನಗುತ್ತಿದ್ದರು.

ಆ ಊರಿಗೊಂದು ಕಟ್ಟಳೆ ಇತ್ತು. ಮಗುವಿಗೆ ಹೆಸರಿಡುವ ದಿನ ಕಮ್ಮಾರ ಆ ಮಗುವಿಗೆಂದೇ ಒಂದು ಕಬ್ಬಿಣದ ಸರಳು ಬಡಿಯುತ್ತಿದ್ದ. ಕಾದ ಸರಳನ್ನು ಮಗುವಿಗೆ ಮೀಯಿಸಿದ ನೀರಿನಲ್ಲೇ ಅದ್ದಿ ತಣಿಸುತ್ತಿದ್ದ. ಅಲ್ಲಿಗೆ ಆ ಕಬ್ಬಿಣಕ್ಕೂ ಆ ಜೀವಕ್ಕೂ ನಂಟು ಬೀಳುತ್ತಿತ್ತು. ಆಮೇಲೆ ಆ ಸರಳು ಕೆಂಪಗೆ ಕಾದರೂ ಅದರ ಒಡೆಯನ ಕೈ ಸುಡುತ್ತಿರಲಿಲ್ಲ. ಅವರವರು ಅವರವರ ಸರಳಿನಿಂದಲೇ ತಿನ್ನಬೇಕು, ಇನ್ನೊಬ್ಬರದನ್ನು ಮುಟ್ಟಬಾರದು. ಸತ್ತರೆ ಸರಳನ್ನೂ ಜೊತೆಗೇ ಹೂಳುತ್ತಿದ್ದರು. ಸರಳಿಲ್ಲದವರಿಗೆ ಏನು ಕೊಡುತ್ತಿದ್ದರು ಎಂದು ಕೇಳುತ್ತೀರಾ? ಏನೂ ಕೊಡುತ್ತಿರಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಆ ಊರಿನಲ್ಲಿ ದೇಮಿ ಎಂಬ ಹೆಣ್ಣುಮಗಳಿದ್ದಳು. ಬೇಟೆಯಾಡಿ ತಂದ ಪ್ರಾಣಿಯನ್ನು ಇಡಿಯಾಗಿ ಹಸಿಮರದ ಗಳುವಿಗೆ ಕಟ್ಟಿ, ಅರಮನೆಯ ಕೆಂಡದ ಮೇಲೆ ತಿರುಗಿಸಿ ಸುಡುವುದು ಅವಳ ಕೆಲಸ. ಅಪ್ಪ ಇಲ್ಲ, ಅವ್ವ ಇಲ್ಲ. ಇದ್ದವನು ಒಬ್ಬನೇ ತಮ್ಮ, ಜಟ್ಟಿಗ. ದೇಮಿ ತನ್ನ ಬಾಯಿ ಕಟ್ಟಿ ಅವನನ್ನು ಸಾಕಿದ್ದಳು. ಅವನು ಕಾಡಂಚಿನಲ್ಲಿ ಇದ್ದಿಲು ಸುಟ್ಟು ಅರಮನೆಗೆ ತರುತ್ತಿದ್ದ.

ಜಟ್ಟಿಗ ಹುಟ್ಟುವಾಗ ಅಂಗೈಯಗಲದ ಕೂಸು. ಇದು ಉಳಿಯುತ್ತದೋ ಇಲ್ಲವೋ ಎಂದು ಕಮ್ಮಾರ ಬೀರೋಜ ಮಿಕ್ಕ ಕಬ್ಬಿಣದ ಚೂರಿನಲ್ಲಿ ಸರಳು ಬಡಿದಿದ್ದ. ಅದು ಗಿಡ್ಡವೂ ಆಯಿತು, ಸೊಟ್ಟವೂ ಆಯಿತು. ಕೇರಿಯ ಮಕ್ಕಳು ಅವನನ್ನು ಸೊಟ್ಟ ಎಂದೇ ಕರೆದರು. ಅಪ್ಪ ಅವ್ವ ತೀರಿಕೊಂಡು, ಅಕ್ಕತಮ್ಮ ಅರಮನೆಯ ಹಿಂದಿನ ಕೇರಿಗೆ ಬಿಡಾರ ಬದಲಿಸಿದ ದಿನ ಜಟ್ಟಿಗ ದಾರಿಯಲ್ಲೇ ಕೂತು ಅತ್ತ.

"ಅಲ್ಲೂ ನಗ್ತಾರೆ ಅಕ್ಕಾ."

ದೇಮಿ ತನ್ನ ನೀಳವಾದ ನೆಟ್ಟನೆಯ ಸರಳನ್ನು ಅವನ ಕೈಗಿಟ್ಟು ಸೊಟ್ಟದ್ದನ್ನು ತಾನು ತೆಗೆದುಕೊಂಡಳು. "ಇಗೋ, ಇನ್ನು ಇದು ನಿಂದು, ಅದು ನಂದು. ಯಾರಿಗೂ ಬಾಯಿಬಿಡಬೇಡ."

ಅದು ಕಟ್ಟಳೆಗೆ ವಿರುದ್ಧ. ಆದರೆ ಅಳುವ ತಮ್ಮನ ಮುಂದೆ ಯಾವ ಕಟ್ಟಳೆ ನಿಲ್ಲುತ್ತದೆ? ಅಂದಿನಿಂದ ಇಬ್ಬರೂ ಸರಳಿನ ಹಿಡಿಗೆ ಬಟ್ಟೆ ಸುತ್ತಿಕೊಂಡು ಸುಟ್ಟರು. ಅಕ್ಕತಮ್ಮ ಬೆಣ್ಣೆಗೈಯವರು ಎಂದು ಹೊಸ ಕೇರಿಯವರು ಛೇಡಿಸಿದರು, ಅಷ್ಟೆ. ವರ್ಷಗಳು ಉರುಳಿದವು. ಸೊಟ್ಟದ್ದು ತನ್ನದೇ ಎಂದು ದೇಮಿಗೂ, ನೀಳದ್ದು ತನ್ನದೇ ಎಂದು ಜಟ್ಟಿಗನಿಗೂ ರೂಢಿಯಾಗಿ ಹೋಯಿತು. ಮರೆತವರು ಅವರು. ಕಬ್ಬಿಣ ಮರೆಯಲಿಲ್ಲ.

ಆಗ ಅಂಗಾರಪುರವನ್ನು ಆಳುತ್ತಿದ್ದವನು ಮುದ್ದರಸ. ದಿನಕ್ಕೆರಡು ಬೇಟೆ ಆಡಿ ಆಡಿ ಅವನು ಕಾಡನ್ನೆಲ್ಲ ಬರಿದು ಮಾಡಿದ. ಒಂದು ಮೊಲವೂ ಉಳಿಯಲಿಲ್ಲ. ಅರಮನೆಯ ಗುಂಡಿಯಲ್ಲಿ ಬರೀ ಬದನೆಕಾಯಿ ಸುಡುವ ಕಾಲ ಬಂತು. ರಾಜ ಸಿಡುಕಿದ, ಪ್ರಜೆಗಳೂ ಗೊಣಗಿದರು.

ಆ ಹೊತ್ತಿಗೆ ಬೂದಿಗಣ್ಣ ಎಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನ ಕಣ್ಣು ಆರಿದ ಕೆಂಡದಂತೆ ಬೂದಿ ಬಣ್ಣ, ಹೊಟ್ಟೆ ಬೆನ್ನಿಗೆ ಅಂಟಿತ್ತು, ಮೂಗಿನ ಹೊಳ್ಳೆ ಮಾತ್ರ ಇಷ್ಟಿಷ್ಟಗಲ.

"ನಿನ್ನ ಕಾಡು ತುಂಬಿಸಿಕೊಡ್ತೀನಿ ಮಹಾರಾಜ," ಎಂದ. "ತಿಂಗಳಿಗೊಮ್ಮೆ ಒಂದು ಕೇರಿಯಿಂದ ಮನೆಗೊಂದು ಸರಳು ನನ್ನ ಗುಡ್ಡಕ್ಕೆ ಕಳಿಸು. ಮಾಂಸ ನೀವೇ ತಿನ್ನಿ. ನನಗೆ ಹೊಗೆ ಸಾಕು."

ಬರೀ ಕಬ್ಬಿಣ ತಾನೇ ಎಂದು ರಾಜ ಒಪ್ಪಿದ. ಮೊದಲ ಕೇರಿಯ ಸರಳುಗಳು ಹೋದ ಮರುದಿನವೇ ಕಾಡಿನಲ್ಲಿ ಹುಲ್ಲೆ, ಹಂದಿ, ಕಡವೆ, ಮೊಲ. ಊರಲ್ಲಿ ಮಾತ್ರ, ಸರಳು ಹೋದವರ ಹಾಸಿಗೆಗಳು ಖಾಲಿ. ಗುಡ್ಡದ ಸ್ವಾಮಿಯ ಸೇವೆಗೆ ಹೋಗಿದ್ದಾರೆ ಎಂದು ಅರಮನೆಯವರು ಡಂಗುರ ಹೊಡೆಸಿದರು. ಜನ ನಂಬಿದರು. ನಂಬಿದರೋ, ನಂಬಿದಂತೆ ತಿಂದರೋ! ಬಾಯಲ್ಲಿ ತುತ್ತಿದ್ದವನು ಪ್ರಶ್ನೆ ಕೇಳುವುದಿಲ್ಲ. ಮೊದಮೊದಲು ಮನೆಗಳಿಂದ ಮುದುಕರ ಸರಳು ಹೋಯಿತು. ಆಮೇಲೆ ವಿಧವೆಯರದು. ಆಮೇಲೆ ಬೇಡದ ಸೊಸೆಯರದು, ತಬ್ಬಲಿ ಮಕ್ಕಳದು. ಮನೆಯಲ್ಲಿ ಯಾರು ಹೆಚ್ಚಾದರೆಂದು ಅಳೆಯುವುದನ್ನು ಆ ಊರು ಬಲು ಬೇಗ ಕಲಿಯಿತು.

ಒಂದು ದಿನ ದೇಮಿಯ ಕೇರಿಯ ಸರದಿ ಬಂತು. ಸೇವಕರು ಬಾಗಿಲಿಗೆ ಬಂದಾಗ ಜಟ್ಟಿಗ ಇದ್ದಿಲ ಗೂಡಿಗೆ ಹೋಗಿದ್ದ. ಮೂಲೆಯಲ್ಲಿ ಎರಡು ಸರಳು ನಿಂತಿದ್ದವು, ಒಂದು ನೀಳ, ಒಂದು ಸೊಟ್ಟ. ದೇಮಿ ಒಂದು ಚಣವೂ ತಡಮಾಡಲಿಲ್ಲ. ತಮ್ಮ ಬಾಳಲಿ, ತಾನು ಹೋಗುತ್ತೇನೆ ಎಂದುಕೊಂಡಳು. ಸೊಟ್ಟ ಸರಳನ್ನು ತೆಗೆದು ಕೊಟ್ಟುಬಿಟ್ಟಳು.

ಸಂಜೆ ಜಟ್ಟಿಗ ಬಂದಾಗ ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಅವನು ನೆನಪು ಮಾಡುತ್ತಿದ್ದನೋ ಏನೋ. ಅವನಿಗೆ ಇಷ್ಟವಾದ ಹೊಳೆಮೀನಿಗೆ ಹುಣಸೆ ಉಪ್ಪು ಸವರಿ ಸುಟ್ಟುಕೊಟ್ಟಳು.

"ಯಾಕಕ್ಕಾ, ನೀನು ತಿನ್ನಲ್ವಾ?"

"ನಂಗೆ ಹಸಿವಿಲ್ಲ ಕಣೋ. ನೀನು ತಿನ್ನು, ನೋಡ್ತೀನಿ."

ತನ್ನ ಕೈಕಾಲಿಗೆ ಗೊರಸು ಮೂಡುವುದನ್ನೇ ಕಾಯುತ್ತ ಒಲೆಯ ಪಕ್ಕ ಕೂತಳು. ಕೂತಲ್ಲೇ ಕಣ್ಣು ಹತ್ತಿತು. ಬೆಳಕು ಹರಿದಾಗ ಎಚ್ಚರಾಗಿ ನೋಡುತ್ತಾಳೆ, ಬೆರಳು ಬೆರಳಾಗಿಯೇ ಇವೆ. ತಮ್ಮನ ಚಾಪೆ ಖಾಲಿ. ಹರಿದ ಅಂಗಿ ಹೊಸ್ತಿಲಲ್ಲಿ ಬಿದ್ದಿದೆ. ಸಗಣಿ ಸಾರಿಸಿದ ನೆಲದ ಮೇಲೆ ಕಡವೆಯ ಗೊರಸಿನ ಗುರುತು. ಮೂಲೆಯಲ್ಲಿ ನೀಳ ಸರಳು ನಿಂತೇ ಇದೆ.

ಆಗ ನೆನಪಾಯಿತು. ನೆನಪಾದ ಕೂಡಲೆ ದೇಮಿ ತಲೆ ಚಚ್ಚಿಕೊಂಡು ಅತ್ತಳು. ತಮ್ಮನನ್ನು ಉಳಿಸಲೆಂದು ತಮ್ಮನನ್ನೇ ಎತ್ತಿ ಕೊಟ್ಟಿದ್ದಳು. ನೀಳ ಸರಳನ್ನು ಕೈಗೆ ತೆಗೆದುಕೊಂಡು ಹಿಡಿಯ ಬಟ್ಟೆಯನ್ನು ಕಿತ್ತೆಸೆದಳು. ಮಧ್ಯಾಹ್ನಕ್ಕೆ ರಾಜನ ಬೇಟೆಯ ಕಹಳೆ ಊದುತ್ತದೆ. ಸಂಜೆಗೆ ಕಡವೆ ಅರಮನೆಯ ಗುಂಡಿಗೆ ಬರುತ್ತದೆ. ಗಳುವಿಗೆ ಕಟ್ಟಿ ತಿರುಗಿಸುವವಳು ಯಾರು? ತಾನೇ.

ಗೊರಸಿನ ಜಾಡು ಹಿಡಿದು ಓಡಿದಳು. ಬದಲಾದ ಜೀವ ಮೊದಲು ತನ್ನ ಸರಳಿದ್ದಲ್ಲಿಗೆ ಓಡುತ್ತದೆ. ಜಾಡು ಬೂದಿಗಣ್ಣನ ಬೂದಿಗುಡ್ಡಕ್ಕೇ ಹೋಗಿತ್ತು.

ಗುಡ್ಡದ ಬುಡದಲ್ಲಿ ಒಂದು ಕಾಡುಹಂದಿ ದಾರಿಗೆ ಅಡ್ಡ ನಿಂತಿತ್ತು. ಬಾಯಿ ತೆರೆದರೆ ಕಮ್ಮಾರ ಬೀರೋಜನ ದನಿ.

"ಹೋದ ಹಬ್ಬಕ್ಕೆ ಅರಮನೆಯಲ್ಲಿ ಒಂದು ಮರಿಹಂದಿ ಸುಟ್ಟರು. ಅದು ನನ್ನ ಮಗ. ಸುಟ್ಟವರು ಯಾರು?"

"ನಂಗೆ ಗೊತ್ತಿಲ್ಲಣ್ಣ," ಎಂದಳು ದೇಮಿ.

ಗುಡ್ಡ ಗುಡುಗುಡು ಎಂದಿತು. ಅವಳ ಕಣ್ಣೆದುರಿಗೇ ಒಂದಾಳು ಎತ್ತರ ಬೆಳೆಯಿತು. ಆ ಗುಡ್ಡದ ಗುಣವೇ ಅದು, ಸುಳ್ಳು ತಿಂದು ಬೆಳೆಯುವುದು. ಬಿಸಿಲು ಏರುತ್ತಿತ್ತು.

"ನಾನೇ ಅಣ್ಣ. ನಾನೇ ಸುಟ್ಟೆ."

ಹಂದಿಯ ಕೋರೆ ಅವಳ ಹೊಟ್ಟೆಯ ಹತ್ತಿರ ಬಂತು. ದೇಮಿ ಕದಲಲಿಲ್ಲ. "ತಿವಿಯಣ್ಣ, ಬೇಡ ಅನ್ನಲ್ಲ. ನನ್ನ ತಮ್ಮನ ಸರಳು ಕಿತ್ತು ತಂದಮೇಲೆ ತಿವಿ."

ಹಂದಿ ಕೋರೆ ತಗ್ಗಿಸಿ ಪಕ್ಕಕ್ಕೆ ಸರಿಯಿತು.

ಗುಡ್ಡದ ನಡುವಿನಲ್ಲಿ ಒಂದು ಹುಲ್ಲೆ ನಿಂತಿತ್ತು. ಅದರ ಮೂಗಿನಲ್ಲಿ ನತ್ತಿನ ತೂತು. ನೆರೆಮನೆಯ ಸಣ್ಣವ್ವನ ದನಿಯಲ್ಲಿ ಕೇಳಿತು:

"ದೇಮಿ, ನಿಂಗೆ ಗೊತ್ತಿತ್ತಾ?"

"ಇಲ್ಲ ಸಣ್ಣವ್ವ, ಗೊತ್ತಿರಲಿಲ್ಲ."

ಗುಡ್ಡ ಬೆಳೆಯಿತು.

"ಅನುಮಾನ ಇತ್ತು, ಅಷ್ಟೆ."

ಗುಡ್ಡ ಮತ್ತೂ ಬೆಳೆಯಿತು. ಕಾಲಡಿಯ ಬೂದಿ ಜಾರಿ ದೇಮಿ ಹಿಂದಕ್ಕೆ ಉರುಳಿದಳು. ಎದ್ದು ಬಂದು, ಯಾರಿಗೂ ಹೇಳಬಾರದು ಎಂದುಕೊಂಡಿದ್ದನ್ನು ಹೇಳಿದಳು.

"ಒಂದು ಹೆಣ್ಣುಹುಲ್ಲೆ ಸುಡುವಾಗ ಕೂದಲು ಸೀದು ಹೋಯ್ತು. ಚರ್ಮದ ಮೇಲೆ ಹಚ್ಚೆ ಕಾಣಿಸ್ತು. ನವಿಲಿನ ಹಚ್ಚೆ. ಹುಲ್ಲೆಗೆ ಯಾರು ಹಚ್ಚೆ ಹಾಕ್ತಾರೆ? ನಂಗೆ ಆಗಲೇ ಗೊತ್ತಾಯ್ತು. ಗಳು ತಿರುಗಿಸಿ ಆ ಮಗ್ಗುಲನ್ನ ಕೆಳಗೆ ಮಾಡಿದೆ. ಹಚ್ಚೆ ಕರಕಾಗೋವರೆಗೂ ಮೇಲೆತ್ತಲಿಲ್ಲ."

"ಯಾಕೆ ಸುಮ್ಮನಿದ್ದೆ?"

"ಬಾಯಿಬಿಟ್ಟರೆ ನಮ್ಮನೆ ಸರಳು ಮೊದಲು ಹೋಗ್ತಿತ್ತು."

ಹುಲ್ಲೆಯ ಕಣ್ಣಿನಿಂದ ನೀರು ಇಳಿಯಿತು. ಅದು ದಾರಿ ಬಿಟ್ಟಿತು.

ಗುಡ್ಡದ ನೆತ್ತಿಗೆ ಇನ್ನು ಕೂಗಳತೆ ದೂರ. ಅಲ್ಲೊಂದು ಮೊಲದ ಮರಿ ಕೂತಿತ್ತು. ಮುಷ್ಟಿಗೆ ಸಿಕ್ಕುವಷ್ಟು ಚಿಕ್ಕದು. ದಾಟಿ ಹೋಗುವುದು ಸುಲಭವಿತ್ತು. ಆದರೆ ಅದು ತಲೆಯೆತ್ತಿ ಮಗುವಿನ ದನಿಯಲ್ಲಿ ಮಾತಾಡಿತು.

"ಆ ನವಿಲಿನ ಹಚ್ಚೆ ನಮ್ಮವ್ವಂದು. ನೀನು ತಿಂದ್ಯಾ?"

"ತಿಂದೆ ಕೂಸೇ."

"ರುಚಿಯಾಗಿದ್ದಳಾ?"

ಲೋಕದಲ್ಲಿ ಎಂತೆಂಥ ಮಾಂತ್ರಿಕರಿದ್ದಾರೆ, ಎಂತೆಂಥ ರಕ್ಕಸರಿದ್ದಾರೆ. ಅವರಾರೂ ದೇಮಿಯನ್ನು ಅಷ್ಟು ಹೆದರಿಸಲಾರರು. ಮೊಣಕಾಲೂರಿ ಕೂತಳು. ಇಲ್ಲ ಎಂಬ ಮಾತು ತುಟಿಯವರೆಗೆ ಬಂತು. ಗುಡ್ಡ ಕಿವಿಗೊಟ್ಟು ಕಾಯುತ್ತಿತ್ತು.

"ಹೂಂ ಕಣವ್ವ," ಎಂದಳು. "ರುಚಿಯಾಗಿದ್ದಳು."

ಮೊಲ ಅವಳ ಹಿಂದೆ ಕುಪ್ಪಳಿಸುತ್ತ ಬಂತು.

ನೆತ್ತಿಯಲ್ಲಿ ಒಂದು ಕೆಂಡದ ಹೊಂಡ. ಹೊಂಡದ ಸುತ್ತ ಊರಿನ ಸರಳುಗಳೆಲ್ಲ ತುದಿಯನ್ನು ಕೆಂಡಕ್ಕೆ ಚುಚ್ಚಿಕೊಂಡು ಬೇಲಿಯಂತೆ ನಿಂತಿದ್ದವು. ಹೊಂಡದ ದಡದಲ್ಲಿ ಬೂದಿಗಣ್ಣ ಕೂತು ಹೊಗೆ ಹೀರುತ್ತಿದ್ದ. ಅವನ ಪಕ್ಕದಲ್ಲಿ ಸೊಟ್ಟ ಸರಳಿನ ಎದುರು ಒಂದು ಎಳೆಯ ಕಡವೆ ನಡುಗುತ್ತ ನಿಂತಿತ್ತು. ದೇಮಿಯನ್ನು ಕಂಡ ಕೂಡಲೆ ಅದು ಬಾಯಿ ತೆರೆಯಿತು. ಬದಲಾದ ಬಾಯಿಗೆ ಇನ್ನೂ ಮಾತು ಹತ್ತಿರಲಿಲ್ಲ, ಅಕ್ಕ ಎನ್ನಲು ಬಾರದೆ ಬರೀ ಉಸಿರು ಬಂತು.

"ಅರಮನೆಯ ದೇಮಿಯಲ್ಲವೇ?" ಬೂದಿಗಣ್ಣ ಹಲ್ಲು ಕಿರಿದ. "ನೀನು ಕೊಟ್ಟ ಸರಳು ಇಲ್ಲೇ ಇದೆ. ಇಷ್ಟು ಹೊತ್ತಿಗೆ ನಾಲ್ಕು ಕಾಲಲ್ಲಿ ಬರಬೇಕಿತ್ತು. ಕಬ್ಬಿಣ ಸರಿಯಾಗಿ ಕಾದಿಲ್ಲವೇನೋ."

ಸೊಟ್ಟ ಸರಳನ್ನು ಇಕ್ಕಳದಲ್ಲಿ ಹಿಡಿದು ಒಂದು ಸುತ್ತು ತಿರುವಿದ. ದೇಮಿಗೆ ಏನೂ ಆಗಲಿಲ್ಲ. ಅತ್ತ ಕಡವೆ ಚೀರಿತು, ಅದರ ಹಿಂಗಾಲು ತಿರುಚಿಕೊಂಡಿತು.

ದೇಮಿಗೆ ಅರ್ಥವಾಯಿತು. ಸರಳು ಅದಲುಬದಲಾದ ಗುಟ್ಟನ್ನು ಮಾಂತ್ರಿಕ ಅರಿಯ. ಅದು ಅವಳದೆಂದೇ ನಂಬಿದ್ದಾನೆ. ಇದು ನನ್ನದಲ್ಲ ಎಂದು ಕೂಗಿದರೆ ತಮ್ಮನ ನೋವು ನಿಂತೀತು. ಆದರೆ ಆಗ ಅವನ ಕಣ್ಣು ಅವಳ ಕೈಯಲ್ಲಿರುವ ನೀಳ ಸರಳಿನ ಮೇಲೆ ಬೀಳುತ್ತದೆ. ಅದನ್ನು ಕಿತ್ತುಕೊಂಡನೆಂದರೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ಅವಳು ತುಟಿ ಕಚ್ಚಿಕೊಂಡು ಮುಂದೆ ನಡೆದಳು.

ಬೂದಿಗಣ್ಣ ಎರಡನೆಯ ಸುತ್ತು ತಿರುವಿದ. ಕಡವೆ ಕುಸಿದು ಬಿತ್ತು. ಅಳುವ ತಮ್ಮನ ಮುಂದೆ ಒಮ್ಮೆ ಕಟ್ಟಳೆ ಮುರಿದವಳು ಈಗ ಅವನ ಅಳುವನ್ನು ಕೇಳಿಸಿಕೊಂಡೂ ನಡೆದಳು.

ಕೆಂಡದ ಜೊತೆ ಬಾಳಿದವಳಿಗೆ ಕೆಂಡದ ಸ್ವಭಾವ ಗೊತ್ತು. ನೀರು ಹಾಕಿದರೆ ಸಿಡಿಯುತ್ತದೆ, ಬೂದಿ ಮುಚ್ಚಿದರೆ ಒಳಗೊಳಗೇ ಬದುಕಿರುತ್ತದೆ. ಒಂದರ ಮೈಗೆ ಒಂದು ತಾಗಿದ್ದರೆ ಬೆಂಕಿ. ಬಿಡಿಬಿಡಿಯಾಗಿ ಹರಡಿದರೆ ತಾನಾಗಿ ಸಾಯುತ್ತದೆ. ಅವಳು ನೀಳ ಸರಳನ್ನು ಹೊಂಡದ ನಡುವಿಗೆ ಇಳಿಸಿ ಕೆದಕಿದಳು. ಸರಳು ಬುಡದವರೆಗೆ ಕೆಂಪಗಾಯಿತು. ಅವಳ ಬರಿಗೈ ಸುಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳ ಕಬ್ಬಿಣ ಅವಳ ಕೈಗೆ ಬಂದಿತ್ತು. ಕೆಂಡಗಳು ಹೊಂಡದಿಂದ ಹಾರಿ ನಾಲ್ಕು ದಿಕ್ಕಿಗೂ ಬಿದ್ದವು. ಬಿದ್ದಲ್ಲೇ ಕಪ್ಪಾದವು.

ಬೂದಿಗಣ್ಣ ಬೊಬ್ಬೆ ಹಾಕಿದ. ಇಕ್ಕಳ ಎಸೆದು ಬರಿಗೈಯಲ್ಲೇ ಕೆಂಡ ಬಾಚಲು ಓಡಾಡಿದ. ಹೊಗೆ ತೆಳುವಾದಂತೆಲ್ಲ ಅವನೂ ತೆಳುವಾದ.

"ಕೆದಕಬೇಡ ತಾಯಿ! ನಾನೂ ನಿಮ್ಮೂರವನೇ. ಬೂದಿಗುಂಡಿಯಲ್ಲಿ ಸಿಕ್ಕ ಕೂಸು. ಯಾರೂ ನನಗೆ ಹೆಸರಿಡಲಿಲ್ಲ, ಸರಳು ಬಡಿಸಲಿಲ್ಲ. ಸರಳಿಲ್ಲ ಅಂತ ಒಬ್ಬರೂ ತುತ್ತು ಕೊಡಲಿಲ್ಲ. ನಿಮ್ಮ ಬಾಗಿಲಲ್ಲಿ ನಿಂತು ಹೊಗೆ ಕುಡಿದು ಬೆಳೆದೆ."

ದೇಮಿಯ ಕೈ ನಿಂತಿತು. ಗುಡ್ಡ ಬೆಳೆಯಲಿಲ್ಲ. ಅವನು ಹೇಳಿದ್ದು ನಿಜ.

"ನಿಂಗೊಂದು ಸರಳು ಮಾಡಿಸಬೇಕಿತ್ತು," ಎಂದಳು. "ಮಾಡಿಸಲಿಲ್ಲ. ಅದು ನಮ್ಮ ಪಾಪ. ಆದರೆ ನಿನ್ನ ಹಸಿವಿಗೆ ಈ ಕೂಸಿನ ಅವ್ವ ಏನು ಮಾಡಿದ್ದಳು?"

ಬೂದಿಗಣ್ಣ ಸುಟ್ಟ ಕೈಗಳಿಂದಲೇ ಸೊಟ್ಟ ಸರಳಿಗೆ ಜೋತುಬಿದ್ದು ಮೂರನೆಯ ಸುತ್ತು ತಿರುವಹೊರಟ. ಮೂರು ಸುತ್ತಾದರೆ ಜೀವ ಉಳಿಯುವುದಿಲ್ಲ. ಕಡವೆಯ ಕಣ್ಣು ಮೇಲಾಯಿತು.

ದೇಮಿ ಎಡಗೈಯಿಂದ ಸೊಟ್ಟ ಸರಳನ್ನು ಗಪ್ಪನೆ ಹಿಡಿದಳು. ಅದು ಅವಳದಲ್ಲ, ಸುಟ್ಟಿತು. ಅಂಗೈಯ ಚರ್ಮ ಕಬ್ಬಿಣಕ್ಕೆ ಅಂಟಿ ವಾಸನೆ ಎದ್ದಿತು. ದಿನಾ ಅರಮನೆಯ ಗುಂಡಿಯಲ್ಲಿ ಏಳುತ್ತಿದ್ದ ಅದೇ ವಾಸನೆ. ಅವಳು ಬಿಡಲಿಲ್ಲ. ಎಡಗೈಯಲ್ಲಿ ಸರಳನ್ನು ಕೆಂಡದಿಂದ ಕಿತ್ತಳು, ಬಲಗೈಯಲ್ಲಿ ಕೊನೆಯ ಕೆಂಡವನ್ನು ಕೆದಕಿ ದೂರ ಎಸೆದಳು.

ಹೊಗೆ ನಿಂತಿತು. ಬೂದಿಗಣ್ಣ ನಿಂತಲ್ಲೇ ಒಂದು ಬುಟ್ಟಿ ಬೂದಿಯಾಗಿ ಉದುರಿದ.

ಕೆಳಗೆ ಕಾಡಿನಲ್ಲಿ ಬೇಟೆಯ ಕಹಳೆ ಊದಿತು. ಮುದ್ದರಸ ಬಿಲ್ಲು ಬಾಗಿಸಿ ಗುರಿಯಿಟ್ಟ ಹಂದಿ ಎದ್ದು ನಿಂತಿತು, ನೋಡಿದರೆ ಕಮ್ಮಾರ ಬೀರೋಜ. ಪೊದೆಯಿಂದ ಸಣ್ಣವ್ವ ಎಲೆ ಸುತ್ತಿಕೊಂಡು ಹೊರಬಂದಳು. ಬೇಟೆಗಾರರ ಕೈಯಿಂದ ಬಾಣಗಳು ಜಾರಿದವು. ಗುಡ್ಡದ ಮೇಲೆ, ಇನ್ನೂ ಬದುಕಿದ್ದವರ ಸರಳುಗಳು ತಣ್ಣಗಾದವು. ಊರು ತಿಂದು ಮುಗಿಸಿದ್ದವರ ಸರಳುಗಳು ತುಕ್ಕಾಗಿ ಪುಡಿಪುಡಿ ಬಿದ್ದವು. ಉಳಿದವುಗಳಿಗಿಂತ ಬಿದ್ದವುಗಳೇ ಹೆಚ್ಚು. ಜಟ್ಟಿಗ ಅಕ್ಕನ ತೊಡೆಯ ಮೇಲೆ ಕಣ್ಣು ಬಿಟ್ಟ. ಅವನ ಬಲಗಾಲು ತಿರುಚಿಕೊಂಡೇ ಉಳಿಯಿತು.

"ಅಕ್ಕಾ, ಯಾವುದು ಕೊಟ್ಟುಬಿಟ್ಟೆ?" ಎಂದು ಮೆಲ್ಲಗೆ ಕೇಳಿದ.

"ನಿಂದು ಕಣೋ," ಎಂದು ಅವಳು ಅತ್ತಳು. "ನಂದು ಅಂದುಕೊಂಡು ನಿಂದು ಕೊಟ್ಟುಬಿಟ್ಟೆ."

"ಇನ್ನು ನನ್ನ ಸೊಟ್ಟದ್ದು ನಂಗೇ ಕೊಡು. ಈಗ ಕಾಲಿಗೂ ಸರಿಹೋಗುತ್ತೆ."

ಅಳುತ್ತಿದ್ದವಳಿಗೆ ನಗು ಬಂತು. ಮೊಲವಾಗಿದ್ದ ಹುಡುಗಿಯ ಹೆಸರು ಹೂವಿ. ಅವಳು ದೂರದಲ್ಲೇ ನಿಂತಿದ್ದಳು. ದೇಮಿ ಸುಡದ ಕೈಯನ್ನು ಚಾಚಿದಳು. ಬಹಳ ಹೊತ್ತಿನ ಮೇಲೆ ಹೂವಿ ಬಂದು ಅದನ್ನು ಹಿಡಿದುಕೊಂಡಳು.

ಊರಿಗೆ ಬಂದ ಜನ ಅರಮನೆಯ ಮುಂದೆ ಸೇರಿದರು. ಮುದ್ದರಸ ಉಪ್ಪರಿಗೆಗೆ ಬಂದು ಎದೆ ಮುಟ್ಟಿಕೊಂಡು, "ನನಗೆ ಏನೂ ಗೊತ್ತಿರಲಿಲ್ಲ," ಎಂದ.

ದೂರದಲ್ಲಿ ಬೂದಿಗುಡ್ಡ ಗುಡುಗುಡು ಎಂದು ಒಂದಾಳು ಎತ್ತರ ಬೆಳೆಯಿತು. ಊರೆಲ್ಲ ತಿರುಗಿ ನೋಡಿತು.

"ನಮಗೂ ಗೊತ್ತಿರಲಿಲ್ಲ!" ಎಂದು ಊರಿನ ಹಿರಿಯರು ಕೂಗಿದರು. ಗುಡ್ಡ ಮತ್ತೆ ಬೆಳೆದು ಅರಮನೆಯ ಮೇಲೆ ನೆರಳು ಹಾಕಿತು. ಆಮೇಲೆ ಯಾರೂ ಬಾಯಿ ತೆರೆಯಲಿಲ್ಲ.

ಬೀರೋಜನೇ ತೀರ್ಪು ಹೇಳಿದ. ರಾಜ ಕಿರೀಟ ಕೆಳಗಿಟ್ಟು ಆ ಗುಡ್ಡವನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಹೊಲಗಳಿಗೆ ಹಾಕಬೇಕು. ಮಾಡಿದ್ದುಣ್ಣೋ ಮಹಾರಾಯ! ಆದರೆ ಅವನೊಬ್ಬನೇ ಹೊರಲಿಲ್ಲ. ಸರಳು ಆರಿಸಿ ಕೊಟ್ಟ ಮನೆಯವರೆಲ್ಲ ಹೊತ್ತರು. ದೇಮಿಯೂ ಹೊತ್ತಳು. ಹೊಲಗಳಿಗೆ ಬಿದ್ದ ಬೂದಿಯಿಂದ ಗೆಣಸು ತೊಡೆಗಾತ್ರ ಬೆಳೆಯಿತು. ಬೀರೋಜ ಹೆಸರಿಲ್ಲದ ಒಂದು ಸರಳು ಬಡಿದು ಊರ ನಡುವಿನ ಕೆಂಡದ ಗುಂಡಿಗೆ ತೂಗುಹಾಕಿದ. ತನ್ನದೆಂದು ಸರಳಿಲ್ಲದ ಯಾರೇ ಬರಲಿ, ಅದರಲ್ಲಿ ಸುಟ್ಟುಕೊಂಡು ತಿನ್ನಬಹುದು. ಅದು ಯಾರ ಕೈಯನ್ನೂ ಸುಡುತ್ತಿರಲಿಲ್ಲ.

ಸುಗ್ಗಿಯ ದಿನ ಊರವರೆಲ್ಲ ಆ ಗುಂಡಿಯ ಸುತ್ತ ಕೂತರು. ಬಹಳ ಕಾಲದ ಮೇಲೆ ಊರಿನಲ್ಲಿ ಕೆಂಡ ಮಾಡಿದ್ದರು. ಜಟ್ಟಿಗ ಊದುಗೊಳವೆಯಿಂದ ಊದಿದ. ದೇಮಿ ನೀಳ ಸರಳಿನಲ್ಲಿ ಒಂದು ಗೆಣಸು ಚುಚ್ಚಿ ಹದವಾಗಿ ಸುಟ್ಟು, ಊದಿ ಆರಿಸಿ, ಹೂವಿಯ ಮುಂದೆ ಹಿಡಿದಳು.

ಹೂವಿ ಮುಟ್ಟಲಿಲ್ಲ. ಕರಕಾದ ಸಿಪ್ಪೆಯನ್ನೇ ನೋಡುತ್ತ ಕೇಳಿದಳು:

"ಇದು ಯಾರು ಅಕ್ಕಾ?"

ತುತ್ತೆತ್ತಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಮುದ್ದರಸ ತಲೆ ತಗ್ಗಿಸಿದ. ದೇಮಿ ಗಾಯದ ಕೈಯಿಂದಲೇ ಗೆಣಸನ್ನು ಮುರಿದು ಒಳಗಿನ ಹಳದಿ ತೋರಿಸಿದಳು. ಒಂದು ಚೂರು ತಾನು ಮೊದಲು ಬಾಯಿಗಿಟ್ಟಳು.

"ಗೆಣಸು ಕಣವ್ವ," ಎಂದಳು. "ಬರೀ ಗೆಣಸು."

ಹೂವಿ ತಿರುಗಿ ಬೂದಿಗುಡ್ಡದ ಕಡೆ ನೋಡಿದಳು. ಅದು ಬೆಳೆಯಲಿಲ್ಲ. ಆಮೇಲೆ ತಿಂದಳು.

ಅಂಗಾರಪುರದವರು ಸುಖವಾಗಿ ಬಾಳಿದರು, ಬುಟ್ಟಿ ಹೊತ್ತುಕೊಂಡೇ ಬಾಳಿದರು. ಈಗಲೂ ಆ ಊರಿನಲ್ಲಿ ಊಟಕ್ಕೆ ಕೂತವರು ತುತ್ತೆತ್ತುವ ಮೊದಲು ಇದು ಯಾರು ಎಂದು ಕೇಳುತ್ತಾರಂತೆ. ಕೇಳಿದವರನ್ನು ಕಂಡು ಯಾರೂ ನಗುವುದಿಲ್ಲ. ಸುಟ್ಟವರು ಎದ್ದು ನಿಂತು ಉತ್ತರ ಹೇಳುತ್ತಾರೆ.